ಕಫೀಲ್ ಇಲ್ಲದ ಯಂತ್ರ

ರೂವಿಯ ಹಿಂಬದಿ ಗಲ್ಲಿಯಲ್ಲಿ, ದರ್ಜಿ ಅಂಗಡಿಗೆ ತಾಗಿ,
ನನ್ನದೊಂದು ಟೈಪಿಂಗ್ ಸೆಂಟರು.
ನನ್ನದು ಅಂದೆನೇ? ಬೋರ್ಡು ಸಾಲಿಂ ಸಾಹೇಬರದು.
ಬಾಡಿಗೆ ನನ್ನದು, ಬೆರಳು ನನ್ನದು,
ತಿಂಗಳ ಕೊನೆಗೆ ಕವರಿನಲ್ಲಿ ಅವರಿಗೆ ಎಂಬತ್ತು ರಿಯಾಲ್.

ಜೂನ್. ಹೊರಗೆ ನಲ್ವತ್ತಾರು ಡಿಗ್ರಿ.
ಪರದೆಯ ಬಲಮೂಲೆಯಲ್ಲಿ ಬೂದು ಅಕ್ಷರ:
ನಿಮ್ಮ ವಿಂಡೋಸ್ ಅಸಲಿಯಲ್ಲ.
ಊರೆಲ್ಲರ ಕಾರ್ಡು ನವೀಕರಿಸಿ ಕೊಡುವವನಿಗೆ
ದಿನವಿಡೀ ಅದನ್ನೇ ಓದಿಸುತ್ತಿತ್ತು.
ಗಿರಾಕಿಗೆ ಕಾಣದಿರಲೆಂದು
ಆ ಮೂಲೆಗೊಂದು ಹಳದಿ ಚೀಟಿ ಅಂಟಿಸಿದ್ದೆ.

ಮಹಡಿಯಲ್ಲಿ ಸಿಸಿಟಿವಿ ರಿಪೇರಿಯ ಇದ್ರಿಸ್, ಸುಡಾನಿನವ,
ಒಂದು ರಾತ್ರಿ ಶಟರ್ ಎಳೆದ ಮೇಲೆ ಬಂದ.
ಕೀಚೈನಿನಲ್ಲಿ ಪೆನ್‌ಡ್ರೈವ್.
"ಹಸನಬ್ಬ, ಇದಕ್ಕೆ ಕಫೀಲ್ ಇಲ್ಲ," ಅಂದ.
"ಲಿನಕ್ಸ್. ದುಡ್ಡಿಲ್ಲ, ಮುದ್ದತ್ತಿಲ್ಲ,
ಬಾಗಿಲು ಬಡಿದು ಕಾಗದ ಕೇಳುವವರಿಲ್ಲ."
ಪುಕ್ಕಟೆ ಅಂದರೆ ನನಗೆ ಮೊದಲಿಂದಲೂ ಗುಮಾನಿ.
ಆದರೂ ಕರಕ್ ಚಹಾ ಆರುವುದರೊಳಗೆ
ಹತ್ತು ವರ್ಷದ ಮುದಿ ಲ್ಯಾಪ್‌ಟಾಪು
ಮಿಂದು ಬಂದವನ ಹಾಗೆ ಎದ್ದು ಕೂತಿತು.

ಸುಳ್ಳು ಹೇಳಬಾರದು. ಮೊದಲ ವಾರ ಸುಖ.
ಅರ್ಜಿಯ ನಡುವೆ 'ಅಪ್‌ಡೇಟ್ ಆಗುತ್ತಿದೆ, ಆರಿಸಬೇಡಿ' ಎಂಬ ದರ್ಬಾರಿಲ್ಲ.
ಅರಬಿ ಬಲದಿಂದ ಬಂತು, ಕನ್ನಡ ಎಡದಿಂದ,
ಒಂದೇ ಸಾಲಿನಲ್ಲಿ ಎದುರಾದರೂ ಜಗಳವಾಡಲಿಲ್ಲ.
ರಾತ್ರಿ ಅದರಲ್ಲೇ ಮಗಳ ಜೊತೆ ವಿಡಿಯೊ:
"ಅಪ್ಪ, ಇವತ್ತು ನಿನ್ನ ಮುಖ ನಿಲ್ಲದೆ ಓಡುತ್ತಿದೆ!"

ಮತ್ತೆ, ಕನ್ನಡ ಸಂಘದ ಸದಸ್ಯರ ಪಟ್ಟಿ ತೆರೆದೆ.
ಹಳೇ ನುಡಿ ಫಾಂಟಿನಲ್ಲಿ ನಾನೇ ಹೊಡೆದದ್ದು.
ಮುನ್ನೂರು ಹೆಸರೂ ಕೊಕ್ಕೆ, ಚುಕ್ಕಿ, ಡಾಲರ್ ಗುರುತು.
ಯಾರು ಶೆಟ್ಟಿ, ಯಾರು ಕುಂಞಿ, ಯಾರು ಪಿಂಟೊ,
ಗೊತ್ತೇ ಆಗದಷ್ಟು ಸಮಾನರು.
ನಕ್ಕೆ. ನಕ್ಕಾದ ಮೇಲೆ ಮೂರು ರಾತ್ರಿ ಕೂತು ಮತ್ತೆ ಹೊಡೆದೆ.

ಎಂಟನೇ ದಿನ ರಫೀಕುಲ್ ಬಂದ.
ಹೆಲ್ಮೆಟ್ಟು ಕಂಕುಳಲ್ಲಿ, ಕಾರ್ಡಿನ ಅವಧಿ ನಾಳೆಗೆ.
ಕಾರ್ಡ್ ರೀಡರಿನ ದೀಪ ಕೆಂಪಗೆ ಮಿಟುಕಿಸಿತು, ಅಷ್ಟೇ.
ಇದ್ರಿಸ್ ಸೊಹಾರಿನಲ್ಲಿ, ಯಾವುದೋ ಗೋದಾಮಿನ ಏಣಿ ಮೇಲೆ.
ಅವನು ಫೋನಿನಲ್ಲಿ ಹೇಳಿದ, ನಾನು ಕಪ್ಪು ಕಿಟಕಿಯಲ್ಲಿ ಬರೆದೆ.
ಪಾಸ್‌ವರ್ಡ್ ಕೇಳಿತು. ಒತ್ತಿದೆ, ಏನೂ ಕಾಣಲಿಲ್ಲ,
ಒಂದು ಚುಕ್ಕಿ ಕೂಡ.
"ಕಾಣುವುದಿಲ್ಲ ಮಾರಾಯ, ಹೋಗುತ್ತಿರುತ್ತದೆ," ಎಂದು
ನನಗೆ ನಾನೇ ಹೇಳಿಕೊಂಡು ಮತ್ತೆ ಒತ್ತಿದೆ.
ಒಂದು ಗಂಟೆ. ಕೆಂಪು ಕೆಂಪಾಗಿಯೇ ಉಳಿಯಿತು.
ರಫೀಕುಲ್ ನನ್ನನ್ನು ನೋಡಲಿಲ್ಲ, ಗೋಡೆ ಗಡಿಯಾರ ನೋಡಿದ.

ಕೊನೆಗೆ ಅವನ ಕೈಹಿಡಿದು ರಸ್ತೆ ದಾಟಿ
ಎದುರಿನ ಪ್ರತಿಸ್ಪರ್ಧಿ ಶಾಜಿಯ ಅಂಗಡಿಗೆ ಹೋದೆ.
ಅವನ ವಿಂಡೋಸಿನಲ್ಲಿ ನಾಲ್ಕು ನಿಮಿಷ.
ಎರಡು ರಿಯಾಲ್ ನಾನೇ ಕೊಟ್ಟೆ.
ಶಾಜಿ ಏನೂ ಕೇಳಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಹೊರಗೆ ಬಂದ ರಫೀಕುಲ್ ಕೇಳಿದ:
"ಕಫೀಲ್ ಇಲ್ಲದಿದ್ದರೆ, ಭಾಯಿ,
ಕೆಟ್ಟಾಗ ಯಾರನ್ನು ಬೈಯುವುದು?"
ಇದ್ರಿಸನಿಗೆ ಈ ಪ್ರಶ್ನೆ ಇನ್ನೂ ಹೇಳಿಲ್ಲ.

ಈಗ ಎರಡನ್ನೂ ಇಟ್ಟುಕೊಂಡಿದ್ದೇನೆ, ಒಂದೇ ಯಂತ್ರದಲ್ಲಿ.
ಕಾರ್ಡಿನ ಕೆಲಸಕ್ಕೆ ಅದು (ಅಸಲಿಯೇ ಕೊಂಡೆ, ಕಂತಿನಲ್ಲಿ),
ಉಳಿದ ದಿನಕ್ಕೆಲ್ಲ ಇದು.
ದಿನಬಳಕೆಗೆ ಆಗುತ್ತದಾ ಅಂತ ಯಾರಾದರೂ ಕೇಳಿದರೆ
ಯಾರ ದಿನ ಅಂತ ಕೇಳುತ್ತೇನೆ.

ಬೆಳಿಗ್ಗೆ ಗುಂಡಿ ಒತ್ತಿದೊಡನೆ ಕಪ್ಪು ಪರದೆ,
ಎರಡು ಹೆಸರು, ಎಣಿಕೆ ಹತ್ತರಿಂದ ಕೆಳಕ್ಕೆ:
ಯಾವುದರಲ್ಲಿ ಏಳಲಿ?
ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷ,
ನನ್ನನ್ನು ಹೀಗೆ ಯಾರೂ ಕೇಳಿದ್ದಿಲ್ಲ.
ಒಂಬತ್ತು, ಎಂಟು,
ಕೀಲಿಗಳ ಸಂದಿಯಿಂದ ರಾತ್ರಿಯ ಮರಳನ್ನು
ಹಳೇ ಬ್ರಷ್ಷಿನಿಂದ ಗುಡಿಸುತ್ತ,
ಏಳು,
ಅವಸರ ಮಾಡುವುದಿಲ್ಲ.